ತಲೆನೋವಿಗೆ ಮುಂಚಿನ ಅರ್ಧ ತಾಸು

ಕಂಡಕ್ಟರ್ ಮಲ್ಲೇಶಿಗೆ ಅರೆತಲೆನೋವು. ನೋವು ಬಂದ ದಿನ ಏನು ತಿಂದೆ, ಎಷ್ಟು ಹೊತ್ತು ಮಲಗಿದೆ ಎಂದು ಬರೆದಿಡಲು ಡಾಕ್ಟರು ಹೇಳಿದ್ದರು. ಎರಡು ತಿಂಗಳು ಬರೆದ ಮೇಲೆ ಅವನಿಗೇ ತಿಳಿಯಿತು: ನಿದ್ದೆಗೆಟ್ಟು, ಹಸಿದ ಹೊಟ್ಟೆಯಲ್ಲಿ ಬಿಸಿಲಿಗೆ ಬಿದ್ದ ದಿನವೇ ತಲೆ ಸಿಡಿಯುತ್ತಿತ್ತು. ಅಂದಿನಿಂದ ಅವನು ಬುತ್ತಿ, ನೀರು ಇಲ್ಲದೆ ಬಸ್ಸು ಹತ್ತುತ್ತಿರಲಿಲ್ಲ.

ಡ್ರೈವರ್ ದಾವಲಸಾಬನಿಗೆ ಅದೆಲ್ಲ ತಮಾಷೆ. "ತಲಿನೋವಿಗೆ ಇಷ್ಟ ಉಪಚಾರ ಮಾಡಾಂವ ನೀ ಒಬ್ಬನ ನೋಡಪಾ," ಎಂದು ನಗುತ್ತಿದ್ದ.

ಆ ಮಧ್ಯಾಹ್ನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರಜೆ ಹಾಕಿದವನ ಪಾಳಿಯನ್ನೂ ದಾವಲಸಾಬನೇ ಮಾಡುತ್ತಿದ್ದ. ಬೆಳಿಗ್ಗೆಯಿಂದ ಬರೀ ಚಹಾದ ಮೇಲಿದ್ದರೂ ಮಲ್ಲೇಶಿ ಕೊಟ್ಟ ರೊಟ್ಟಿಯನ್ನು ಬೇಡವೆಂದಿದ್ದ. ಊರು ದಾಟಿದ ಮೇಲೆ ಅವನ ಹರಟೆ ನಿಂತಿತು. ಬಸ್ಸು ಒಮ್ಮೆ ಓಡುತ್ತಿತ್ತು, ಒಮ್ಮೆ ಕಾರಣವಿಲ್ಲದೆ ನಿಧಾನವಾಗುತ್ತಿತ್ತು. ಟಿಕೆಟು ಕೊಡುತ್ತಿದ್ದ ಮಲ್ಲೇಶಿ ಕಳವಳಗೊಂಡು, ಜನರನ್ನು ಸರಿಸಿಕೊಂಡು ಮುಂದೆ ಬಂದ.

"ಯಾಕ್ರಿ ಕಾಕಾ, ಸುಮ್ಮನಾದ್ರಿ?"

"ತಲಿನೋವು ಬರೂ ಮೊದಲ ಕಣ್ಣಾಗ ಏನೋ ಮಿಂಚತೈತಿ ಅಂತಿದ್ದೆಲ್ಲ?"

"ಹೌದ್ರಿ. ಗರಗಸದ ಹಲ್ಲಿನಂಥಾ ಬೆಳಕು."

"ಎಷ್ಟೊತ್ತು ಇರತೈತಿ?"

"ಅರ್ಧ ತಾಸು. ಈಗ್ಯಾಕ ಕೇಳಾಕತ್ತೀರಿ?"

ದಾವಲಸಾಬ ಕತ್ತು ತಿರುಗಿಸಲಿಲ್ಲ. ಗೇರು ಇಳಿಸಿ ಬಸ್ಸನ್ನು ನಿಧಾನ ಮಾಡಿದ.

"ಬಾಗಿಲದಾಗ ನಿಂತು ದಾರಿ ಹೇಳು ತಮ್ಮಾ, ಬಸ್ ಬದಿಗೆ ಹಚ್ಚತೀನಿ. ನನಗ ಎಡಗಡೆ ರಸ್ತೇನ ಕಾಣವಲ್ದು."