ಒಳಜೇಬಿನ ಕಾರ್ಡು

"ಇನ್ಮೇಲೆ ನಿಮ್ಮ ತಂದೆ ಖಾತೆ ನೀವೇ ನೋಡ್ಕೋಬಹುದು," ಎಂದು ಬ್ಯಾಂಕಿನ ಮ್ಯಾನೇಜರು ಮಗಳಿಗೆ ಹೇಳಿದರು. ತೆರಿಗೆ ಬಾಕಿ ಇದೆಯೆಂದು ಫೋನಿನಲ್ಲಿ ಹೆದರಿಸಿದವನಿಗೆ ಅಪ್ಪ ಎರಡು ಸಲ ಹಣ ಕಳಿಸಿ ಟೋಪಿ ಹಾಕಿಸಿಕೊಂಡಿದ್ದರು. ಇನ್ನು ಆ ಚಿಂತೆಯಿಲ್ಲ ಎಂದುಕೊಂಡಾಗ ಅವಳ ತಲೆಯ ಮೇಲಿನ ಭಾರ ಇಳಿದಂತಾಯಿತು.

ಟೈಲರಾಗಿದ್ದ ಅಪ್ಪ, ತಾವೇ ಹೊಲಿದ ಒಳಜೇಬಿನಿಂದ ಕಾರ್ಡು ತೆಗೆದು, ಅಂಗಿಯಂಚಿನಲ್ಲಿ ಒರೆಸಿ ಅವಳ ಮುಂದೆ ಹಿಡಿದರು.

"ಇದು ನಿಮ್ಮ ಹತ್ರಾನೇ ಇರ್ಲಿ ಅಪ್ಪಾ."

"ಬೇಡಮ್ಮಾ. ನನ್ನ ಮೇಲೆ ನಂಗೇ ನಂಬ್ಕೆ ಇಲ್ಲ."

ಅವಳು ಅದನ್ನು ಚೀಲಕ್ಕೆ ಹಾಕಿಕೊಂಡಳು. ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದಿರಬೇಕು, ಕ್ಷೌರದಂಗಡಿಯ ಮುಂದೆ ಅಪ್ಪ ನಿಂತುಬಿಟ್ಟರು. ಮಕ್ಕಳನ್ನೆಲ್ಲ ಬರೀ ಕಣ್ಸನ್ನೆಯಲ್ಲೇ ಹದ್ದುಬಸ್ತಿನಲ್ಲಿಟ್ಟಿದ್ದ ಮನುಷ್ಯ, ಅವಳ ಮುಖ ನೋಡದೆ ಕತ್ತಿನ ಹಿಂದೆ ಬೆಳೆದ ಕೂದಲನ್ನು ಸವರಿಕೊಂಡರು.

"ಕೂದ್ಲು ಕತ್ತರಿಸ್ಕೊಳ್ಲಾ ಪುಟ್ಟಿ? ಮುಂದಿನ ತಿಂಗಳಾದ್ರೂ ಪರವಾಗಿಲ್ಲ."