ಅಂಚಿನಲ್ಲಿ ನಿಂತ ಭೂಮಿ

ಭೂಮಿ ಮತ್ತೆ ನಿಂತಿತು. ವಿಜ್ಞಾನದ ಟೀಚರ್ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಬೆಳಗಾದರೆ ಶಾಲೆಯಲ್ಲಿ ವಸ್ತುಪ್ರದರ್ಶನ. ಊರಿನವರೆಲ್ಲ ಬಂದು ನೋಡುವ ಹೊತ್ತಿಗೆ ಐದನೇ ತರಗತಿಯ ಭೂಮಿ ಹೀಗೆ ನಡುದಾರಿಯಲ್ಲಿ ಕೈಕೊಟ್ಟರೆ ಮಾನ ಮೂರು ಕಾಸಿಗೆ ಹರಾಜಾಗುವುದು ಖಂಡಿತ. ಉಳಿದ ಮಕ್ಕಳು ಮನೆಗೆ ಹೋಗಿಯಾಗಿತ್ತು. ಕಿಟಕಿಗಳಿಗೆ ಕಪ್ಪು ಬಟ್ಟೆ ಬಿಗಿದ ಕೋಣೆಯಲ್ಲಿ ಕೊನೆಯ ಸಲದ ಅಭ್ಯಾಸಕ್ಕೆಂದು ಉಳಿದವರು ಟೀಚರ್ ಮತ್ತು ಇಬ್ಬರು ಮಕ್ಕಳು, ಅಷ್ಟೇ.

ಭೂಮಿಯೇನೋ ಲಕ್ಷಣವಾಗಿತ್ತು. ಬಲೂನಿನ ಮೇಲೆ ಹಳೆಯ ಪತ್ರಿಕೆ ಅಂಟಿಸಿ, ಒಣಗಿಸಿ, ಬಣ್ಣ ಬಳಿದು, ನಡುವೆ ಸ್ವೆಟರ್ ಹೆಣೆಯುವ ಕಡ್ಡಿ ತೂರಿಸಿ ಮಕ್ಕಳೇ ಮಾಡಿದ್ದು. ಎದುರಿಗಿದ್ದ ಟೇಬಲ್ ಲ್ಯಾಂಪೇ ಸೂರ್ಯ. ತಮ್ಮ ಊರು ಇರುವ ಜಾಗಕ್ಕೆ ಕೆಂಪು ತಲೆಯ ಗುಂಡುಸೂಜಿ ಚುಚ್ಚಿದ್ದರು. ಇದರಲ್ಲಿ ಯಾವುದನ್ನೂ ಟೀಚರ್ ಹೇಳಿಕೊಟ್ಟಿರಲಿಲ್ಲ. ಉತ್ತರವನ್ನು ಬಾಯಿಗೆ ತುರುಕುವುದೆಂದರೆ ಅವರಿಗೆ ಆಗದು. ಕೇಳಿ ಕೇಳಿ ಮಕ್ಕಳ ಬಾಯಿಂದಲೇ ಹೊರಡಿಸಬೇಕು. ಮೊದಲ ದಿನ ಮಕ್ಕಳು ಲ್ಯಾಂಪನ್ನೇ ಎತ್ತಿಕೊಂಡು ಭೂಮಿಯ ಸುತ್ತ ಓಡಾಡಿದಾಗಲೂ ಬೈಯದೆ, "ವೈರು ಕಾಲಿಗೆ ಸುತ್ತಿಕೊಳ್ತಲ್ಲ, ಈಗೇನು ಮಾಡೋಣ?" ಎಂದಷ್ಟೇ ಕೇಳಿದ್ದರು. ಸೂರ್ಯ ಇದ್ದಲ್ಲೇ ಇರಲಿ, ಭೂಮಿಯನ್ನೇ ತಿರುಗಿಸೋಣ ಎಂಬ ಉಪಾಯ ಆ ಸಿಕ್ಕಿನಿಂದಲೇ ಹುಟ್ಟಿಕೊಂಡಿತ್ತು.

ವಿವರಣೆ ಹೇಳುವವನು ರೇಡಿಯೋ. ಸ್ವಿಚ್ಚು ಒತ್ತದಿದ್ದರೂ ಮಾತಾಡುವ ಹುಡುಗ, ಅದಕ್ಕೇ ಆ ಹೆಸರು. ಕಡ್ಡಿ ತಿರುಗಿಸುವವಳು ಕಿರುಬೆರಳು. ತರಗತಿಗೆಲ್ಲ ಚಿಕ್ಕವಳು, ಮಾತೂ ಅಷ್ಟಕ್ಕಷ್ಟೇ. ಪತ್ರಿಕೆ ಹರಿದವಳೂ ಅವಳೇ, ಅಂಟು ಕಲಸಿದವಳೂ ಅವಳೇ. ಕಡ್ಡಿಯ ಕೆಲಸ ತನಗೆ ಸಿಕ್ಕಿತೆಂದು ತಿಳಿದಾಗ ಅವಳು ಇಡೀ ಮಧ್ಯಾಹ್ನ ನಗುತ್ತಲೇ ಇದ್ದುದನ್ನು ಟೀಚರ್ ನೋಡಿದ್ದರು.

"ಈಗ ನಮ್ಮ ಊರಲ್ಲಿ ಮಧ್ಯಾಹ್ನ," ಎಂದು ರೇಡಿಯೋ ಮತ್ತೆ ಶುರುಮಾಡಿದ. "ಭೂಮಿ ತನ್ನ ಸುತ್ತ ತಾನೇ ತಿರುಗುತ್ತಾ ತಿರುಗುತ್ತಾ..."

ಗುಂಡುಸೂಜಿ ಬೆಳಕಿನಿಂದ ಮೆಲ್ಲಗೆ ಸರಿದು ನೆರಳಿನ ಅಂಚಿಗೆ ಬಂತು. ಭೂಮಿ ನಿಂತಿತು.

"ನೋಡಿ ಟೀಚರ್, ರಾತ್ರಿ ಆಗೋಕೇ ಬಿಡ್ತಿಲ್ಲ ಇವಳು. ಹೇಳೋದೂ ನಾನೇ ಹೇಳ್ತೀನಿ, ತಿರುಗಿಸೋದೂ ನಾನೇ ತಿರುಗಿಸ್ತೀನಿ, ಬಿಡಿ."

ಕಡ್ಡಿ ಬಿಗಿಯಾಯಿತೇನೋ ಎಂದು ಟೀಚರ್ ತಾವೇ ತಿರುಗಿಸಿ ನೋಡಿದರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ತಿರುಗಿತು. ಮತ್ತೆ ಹುಡುಗಿಯ ಕೈಗೆ ಕೊಟ್ಟು, ಈ ಸಲ ಭೂಮಿಯನ್ನು ಬಿಟ್ಟು ಅವಳ ಬೆರಳುಗಳನ್ನೇ ನೋಡುತ್ತ ನಿಂತರು. ಊರು ನೆರಳಿನ ಅಂಚಿಗೆ ಬಂದಾಗ ಬೆರಳುಗಳು ಕಡ್ಡಿಯನ್ನು ಒತ್ತಿ ಹಿಡಿದವು, ತುಸು ಹೊತ್ತಿನ ಮೇಲೆ ಬಿಟ್ಟವು. ಊರು ಕತ್ತಲ ಬದಿಯನ್ನು ಹಾದು ಆಚೆಯ ಅಂಚಿಗೆ, ಬೆಳಕು ಹರಿಯುವ ಕಡೆಗೆ ಬಂದಾಗ ಮತ್ತೆ ಹಿಡಿದವು. ಬೇಕೆಂದೇ ಮಾಡುತ್ತಿದ್ದಾಳೆ. ಟೀಚರಿಗೆ ಸಿಟ್ಟು ಬಂತು. ಇಷ್ಟು ದಿನದ ಪಾಠವೆಲ್ಲ ಗಾಳಿಗೆ ಹೋಯಿತೇ ಅನ್ನಿಸಿತು.

"ಹಾಗಾದ್ರೆ ಕಡ್ಡಿ ಇವನಿಗೇ ಕೊಡೋಣ್ವಾ?" ಎಂದರು. ರೇಡಿಯೋ ತಡಮಾಡದೆ ಕೈ ಚಾಚಿದ. ಹುಡುಗಿಯ ಕಣ್ಣು ತುಂಬಿ ಬಂತು, ಆದರೆ ಕಡ್ಡಿ ಬಿಡಲಿಲ್ಲ. ಇಷ್ಟು ಆಸೆಪಟ್ಟ ಕೆಲಸ ಕೈತಪ್ಪುತ್ತದೆಂದು ಗೊತ್ತಿದ್ದೂ ಹಟ ಹಿಡಿದಿದ್ದಾಳೆಂದರೆ ಏನೋ ಇರಬೇಕು. ಟೀಚರ್ ಸ್ಟೂಲು ಎಳೆದುಕೊಂಡು ಅವಳ ಮುಖಕ್ಕೆ ಮುಖ ಕೊಟ್ಟು ಕುಳಿತರು.

"ಇಲ್ಲೇ ಯಾಕಮ್ಮಾ ನಿಲ್ಲಿಸೋದು?"

"ಇಲ್ಲಿ ಸಂಜೆ, ಟೀಚರ್. ಅಪ್ಪ ಬಸ್ ಡ್ಯೂಟಿ ಮುಗಿಸಿ ಮನೆಗೆ ಬರ್ತಾರೆ. ಅಮ್ಮ ಆಸ್ಪತ್ರೆಗೆ ನೈಟ್ ಡ್ಯೂಟಿಗೆ ಹೊರಡ್ತಾರೆ."

"ಆ ಕಡೆ?"

"ಅಲ್ಲಿ ಬೆಳಿಗ್ಗೆ. ಅಮ್ಮ ಬರ್ತಾರೆ, ಅಪ್ಪ ಹೊರಡ್ತಾರೆ." ಹುಡುಗಿ ತೋಳಿಗೆ ಮೂಗು ಒರೆಸಿಕೊಂಡಳು. "ಟೀ ಒಂದೇ ಲೋಟ. ಒಬ್ರು ಅರ್ಧ ಕುಡಿದು ಇನ್ನೊಬ್ರಿಗೆ ಕೊಟ್ಟು ಓಡ್ತಾರೆ. ಆಗ ಮಾತ್ರ ಮೂರೂ ಜನ ಮನೇಲಿರ್ತೀವಿ."

ಅಮ್ಮ ಹಗಲು ಮಲಗುವ ಮನೆ. ಸದ್ದು ಮಾಡಬಾರದೆಂದು ಕಲಿತೇ ಈ ಮಗು ಇಷ್ಟು ಮೆತ್ತಗಾಗಿದೆ ಎಂದು ಟೀಚರಿಗೆ ಈಗ ಹೊಳೆಯಿತು. ಹಾಗಂತ ನಾಲ್ಕು ಜನರೆದುರು ತಪ್ಪು ಪಾಠ ತೋರಿಸುವಂತೆಯೂ ಇಲ್ಲ. ವರ್ಷಗಟ್ಟಲೆ ಕೇಳಿ ಅಭ್ಯಾಸವಾದ ನಾಲಿಗೆ ಈಗಲೂ ಕೇಳಿಯೇಬಿಟ್ಟಿತು, ಆದಷ್ಟು ಮೆತ್ತಗೆ.

"ಆದ್ರೆ ಕಂದಾ, ನಿಜವಾದ ಭೂಮಿ ಹೀಗೆ ನಿಲ್ಲುತ್ತಾ?"

"ಇಲ್ಲ ಟೀಚರ್, ಒಂದು ಚೂರೂ ನಿಲ್ಲಲ್ಲ. ಅದಕ್ಕೇ ಇದನ್ನಾದ್ರೂ ನಿಲ್ಲಿಸ್ತಿದೀನಿ."

ರೇಡಿಯೋ ಚಾಚಿದ್ದ ಕೈಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ.