ಅರ್ಕಾವೊತ್ತು

ದೇವದುರ್ಗದ ದುರುಗಮ್ಮ ರಾಯಚೂರಿನ ಮ್ಯೂಸಿಯಂ ಅಂಗಳದಲ್ಲಿ ಹದಿನಾಲ್ಕು ಅಡಿ ಎತ್ತರದ ಕಬ್ಬಿಣದ ಶಿಲ್ಪದ ನೆತ್ತಿಯ ಮೇಲೆ ಕೂತಿದ್ದಳು. ಶಿಲ್ಪದ ಹೆಸರು 'ಮೌನ'. ಕೆಳಗೆ ಆ ಮ್ಯೂಸಿಯಂ ನೋಡಿಕೊಳ್ಳುವ ಶೇಷಗಿರಿ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದ.

"ಯವ್ವಾ, ಇಳೀರಿ! ಬೆಂಗಳೂರಿನ ಸಾಹೇಬ್ರು ಬರಾಕತ್ತಾರ. ನನ್ನ ನೌಕರಿ ಖಾಯಂ ಮಾಡೋ ಕಾಗದಕ್ಕ ಇವತ್ತ ಸಹಿ ಆಗಬೇಕು!"

"ತಡೀರಿ, ಜಾರಾಕ ಧೈರ್ಯ ಬರವಲ್ದು."

"ಅದು ಜಾರೋದಲ್ಲ, ಶಿಲ್ಪ!"

"ಮತ್ತ ಬೋರ್ಡಿನ ಮ್ಯಾಲ ಬರದೀರಲ್ರೀ?" ಎಂದಳು ಕೆಳಗೆ ಶೇಷಗಿರಿಯ ಪಕ್ಕ ನಿಂತಿದ್ದ ದುರುಗಮ್ಮನ ತಂಗಿ ಮಾರೆಮ್ಮ. ವಯಸ್ಕರ ಶಾಲೆಯಲ್ಲಿ ಆರು ತಿಂಗಳು ಕಲಿತಿದ್ದಳು. ಬೆರಳು ತೋರಿಸಿ ಜಂಬದಿಂದ ಓದಿದಳು: "ಆ... ಟ... ಪಾರ್ಕ್!"

ಶೇಷಗಿರಿ ತಲೆ ಹಿಡಿದುಕೊಂಡ. 'ಆರ್ಟ್ ಪಾರ್ಕ್' ಬರೆಯೋ ಮಾರಾಯ ಎಂದರೆ ಪೇಂಟರ್ ಜಿಲಾನಿ ಪಾಷಾ ಮೊದಲ ಅರ್ಕಾವೊತ್ತು ನುಂಗಿ ನೀರು ಕುಡಿದಿದ್ದ. ಶಿಲ್ಪವಾದರೂ ಎಂಥದು? ಹಿಂದೆ ಮೆಟ್ಟಿಲಿನಂಥ ಪಟ್ಟಿಗಳು, ಮುಂದೆ ನುಣ್ಣನೆಯ ಇಳಿಜಾರು. ಅದರಲ್ಲಿ ಮೌನ ಎಲ್ಲಿತ್ತೋ ಮಾಡಿದವನಿಗೇ ಗೊತ್ತು.

"ಅರವತ್ತು ವರ್ಷ ಕುರಿ ಹಿಂದ ಓಡೀನಿ. ಒಂದಿನಾನೂ ಆಡಿಲ್ಲ. ಇವತ್ತ ಆಡೇ ಹೋಗಾಕಿ ನಾ," ಎಂದಳು ದುರುಗಮ್ಮ.

ಅಷ್ಟರಲ್ಲಿ ಜೀಪು ಬಂತು. ಸಾಹೇಬರು ಇಳಿದು, ಕೈ ಹಿಂದೆ ಕಟ್ಟಿಕೊಂಡು ಶಿಲ್ಪಕ್ಕೆ ಎರಡು ಸುತ್ತು ಹಾಕಿದರು. ಹಿಂದೆಯೇ ಶೇಷಗಿರಿಯೂ ಎರಡು ಸುತ್ತು ಹಾಕಿದ.

"ಇದು ನನಗೆ ಅರ್ಥವೇ ಆಗಿಲ್ಲ," ಎಂದು ಸಾಹೇಬರು ತಲೆಯೆತ್ತಿದರು. "ಅಮ್ಮಾ, ನಿಮಗೇನು ಕಾಣುತ್ತೆ?"

"ಬಸ್‌ಸ್ಟ್ಯಾಂಡ್ ಕಾಣತದ್ರೀ. ಅಯ್ಯಯ್ಯೋ, ದೇವದುರ್ಗದ ಬಸ್ಸು ಹೊಂಟು ನಿಂತದ!"

ದುರುಗಮ್ಮ ಕಣ್ಣು ಮುಚ್ಚಿ, "ಯವ್ವೋ!" ಎಂದು ಜಾರಿ ಸಾಹೇಬರ ಕಾಲ ಬುಡಕ್ಕೆ ಬಂದು ಬಿದ್ದಳು. ಸೀರೆ ಕೊಡವಿಕೊಂಡು ಎದ್ದಳು. ಅವಳ ಮುಖದಲ್ಲಿ ನಗು ಹಿಡಿಸಲಾರದಷ್ಟಿತ್ತು.

"ಕೆಳಗ ನಿಂತ್ರ ಏನೂ ಕಾಣಂಗಿಲ್ರೀ ಸಾಹೇಬ್ರ, ಮ್ಯಾಲ ಹತ್ರಿ," ಎಂದು ತಂಗಿಯ ಕೈ ಹಿಡಿದು ಬಸ್ಸಿಗೆ ಓಡಿದಳು.

"ಶೇಷಗಿರಿ, ನಿಮ್ಮ ಕಾಗದ ಕೊಡಿ."

ಶೇಷಗಿರಿ ಕೊಟ್ಟ. ಸಾಹೇಬರು ಅದನ್ನು ಜೀಪಿನ ಬಾನೆಟ್ ಮೇಲಿಟ್ಟು ಸಹಿ ಹಾಕಿದರು.

"ಈಗಲೇ ಹಾಕಿಬಿಡ್ತೀನಿ. ಆಮೇಲೆ ಕೈ ಮುರಿದರೆ ಕಷ್ಟ," ಎನ್ನುತ್ತ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು.